ಆಟಿಸಂ ಇರುವ ಮಗು ಮತ್ತು ಸೀಸ: ಯಾವ ಪರೀಕ್ಷೆ ಮಾಡಿಸಬೇಕು, ಯಾವುದಕ್ಕೆ ಬೇಡ ಅನ್ನಬೇಕು

ಮೈಸೂರು, ಮಂಡ್ಯ ಕಡೆಯ ಅಪ್ಪ ಅಮ್ಮಂದಿರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. "ನಮ್ಮ ಮಗುಗೆ ಆಟಿಸಂ ಇದೆ. ಮೈಯಲ್ಲಿ ಹೆವಿ ಮೆಟಲ್ ಸೇರ್ಕೊಂಡು ಹೀಗಾಗಿದೆ ಅಂತಾರೆ. ಅದರಿಂದ ದೇಹವೇ ಮಿದುಳಿನ ಮೇಲೆ ತಿರುಗಿ ಬಿದ್ದಿದೆಯಂತೆ. ಟೆಸ್ಟ್ ಮಾಡಿಸ್ಬೇಕಾ? ಮೆಟಲ್ ತೆಗೆಸ್ಬೇಕಾ?"

ನಾನು ವೈದ್ಯೆ ಅಲ್ಲ. ಆಟಿಸಂ ಇರುವ ಹುಡುಗನ ತಾಯಿ. ಅವನು ನಾಲ್ಕು ವರ್ಷದವನಿದ್ದಾಗ ಗೋಡೆಯ ಬಣ್ಣ ಕೆರೆದು ತಿನ್ನುತ್ತಿದ್ದ. ಆಗ ಈ ದಾರಿಯಲ್ಲೆಲ್ಲ ಓಡಾಡಿದ್ದೇನೆ. ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ರಕ್ತದಲ್ಲಿ ಸೀಸ ಎಷ್ಟಿದೆ ಎಂಬ ಪರೀಕ್ಷೆ ಮಾಡಿಸಿ, ಅದು ಒಳ್ಳೆಯದು. ಸೀಸ ಸಿಕ್ಕರೆ ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಿ. "ಮೆಟಲ್ ಹೊರಗೆ ತೆಗೆಯುತ್ತೇವೆ" ಅನ್ನುವ ಔಷಧಿಗೆ ಮಾತ್ರ ಮಗುವನ್ನು ಒಪ್ಪಿಸಬೇಡಿ. ಅದು ತುಂಬಾ ಜಾಸ್ತಿ ಸೀಸ ಇದ್ದಾಗ ಆಸ್ಪತ್ರೆಯಲ್ಲಿ ಕೊಡುವ ಔಷಧಿ. ಆಟಿಸಂಗೆ ಕೊಡುವಂಥದ್ದಲ್ಲ.

ಮೊದಲು ಕೆಲವು ಪದಗಳು

ಹೆವಿ ಮೆಟಲ್ ಅಂದರೆ ಇಲ್ಲಿ ಮುಖ್ಯವಾಗಿ ಸೀಸ, ಪಾದರಸ, ಆರ್ಸೆನಿಕ್, ಕ್ಯಾಡ್ಮಿಯಂ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೆಚ್ಚು ತೊಂದರೆ ಕೊಡುವುದು ಸೀಸ. ಅದಕ್ಕೇ ಈ ಲೇಖನದ ಬಹುಪಾಲು ಅದರ ಬಗ್ಗೆಯೇ ಇದೆ.

ಆಟೋಇಮ್ಯೂನ್ ಅಂದರೆ ರೋಗಾಣುಗಳ ಮೇಲೆ ಹೋರಾಡಬೇಕಾದ ದೇಹದ ಕಾವಲು ಪಡೆ ತನ್ನದೇ ಅಂಗದ ಮೇಲೆ ಬೀಳುವುದು. ಹಾಗೆ ಬೀಳುವಾಗ ಅದು ತಯಾರಿಸುವ ಪ್ರೋಟೀನಿಗೆ ಆಟೋಆಂಟಿಬಾಡಿ ಎನ್ನುತ್ತಾರೆ.

ಕೀಲೇಷನ್ ಅಂದರೆ ಲೋಹಕ್ಕೆ ಅಂಟಿಕೊಂಡು ಅದನ್ನು ಮೂತ್ರದಲ್ಲಿ ಹೊರಗೆ ಹಾಕುವ ಔಷಧಿ ಕೊಡುವುದು.

ಇವುಗಳಿಗೂ ಆಟಿಸಂಗೂ ಏನು ನಂಟು? ಆಟಿಸಂನಲ್ಲಿ ವಂಶವಾಹಿಗಳ ಪಾಲು ದೊಡ್ಡದು. 2019ರಲ್ಲಿ ಐದು ದೇಶಗಳ ಸುಮಾರು 20 ಲಕ್ಷ ಮಕ್ಕಳ ದಾಖಲೆ ಇಟ್ಟುಕೊಂಡು ನಡೆದ ಅಧ್ಯಯನ ಆ ಪಾಲನ್ನು ಸುಮಾರು 80% ಎಂದು ಲೆಕ್ಕ ಹಾಕಿತು. ಪರಿಸರದ ಪಾಲಿನ ಬಗ್ಗೆ ಸಂಶೋಧನೆ ಇನ್ನೂ ನಡೆಯುತ್ತಿದೆ. 2017ರಲ್ಲಿ ಸ್ವೀಡನ್ನಿನ ಅವಳಿ ಮಕ್ಕಳ ಹಾಲುಹಲ್ಲು ಪರೀಕ್ಷಿಸಿದಾಗ, ಆಟಿಸಂ ಇರುವ ಮಕ್ಕಳ ಹಲ್ಲಿನಲ್ಲಿ ಸೀಸ ಹೆಚ್ಚು, ಸತು ಮತ್ತು ಮ್ಯಾಂಗನೀಸ್ ಕಡಿಮೆ ಕಂಡಿತು. ಅದು ಸಣ್ಣ ಅಧ್ಯಯನ. ಸೀಸದಿಂದಲೇ ಆಟಿಸಂ ಬಂತು ಎನ್ನಲು ಅದು ಸಾಲದು.

ಆದರೆ ಇನ್ನೊಂದು ಮಾತು ಖಚಿತ. ಆಟಿಸಂ ಇರುವ ಮಕ್ಕಳು ವಸ್ತುಗಳನ್ನು ಬಾಯಿಗೆ ಹಾಕುವುದು ಜಾಸ್ತಿ, ಅದೂ ಉಳಿದ ಮಕ್ಕಳು ಬಿಟ್ಟ ವಯಸ್ಸಿನ ಮೇಲೂ. ಹಾಗಾಗಿ ಸೀಸ ಅವರ ಹೊಟ್ಟೆಗೆ ಹೋಗುವ ಸಾಧ್ಯತೆ ಹೆಚ್ಚು. ಸೀಸ ಯಾವ ಮಗುವಿಗೂ ಕೆಟ್ಟದ್ದೇ. ಕಲಿಕೆ, ಗಮನ, ನಡವಳಿಕೆ ಎಲ್ಲಕ್ಕೂ ಪೆಟ್ಟು ಕೊಡುತ್ತದೆ. ಇಷ್ಟಿದ್ದರೆ ಸುರಕ್ಷಿತ ಎನ್ನುವ ಮಟ್ಟವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊದಲೇ ಕಷ್ಟಪಡುತ್ತಿರುವ ಮಗುವಿನ ಮೇಲೆ ಇನ್ನೊಂದು ಹೊರೆ ಯಾಕೆ? ಪರೀಕ್ಷೆ ಮಾಡಿಸಿ ಎನ್ನುವುದು ಇದಕ್ಕೇ.

ಹಂತ 1. ಒಂದು ವಾರ ಬರೆದಿಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮಗು ಏನನ್ನು ನೆಕ್ಕುತ್ತದೆ, ಕಚ್ಚುತ್ತದೆ, ನುಂಗುತ್ತದೆ ಎಂದು ಏಳು ದಿನ ಬರೆಯಿರಿ. ಮಣ್ಣು, ಸುಣ್ಣ, ಬಳಪ, ಇಟ್ಟಿಗೆ ಚೂರು, ಕಿಟಕಿ ಸರಳು, ಬೀಗದ ಕೈ, ಸರ, ಆಟಿಕೆ ಎಲ್ಲವನ್ನೂ. ತಿನ್ನಬಾರದ್ದನ್ನು ತಿನ್ನುವ ಈ ಚಟಕ್ಕೆ ವೈದ್ಯರು ಪೈಕಾ ಎನ್ನುತ್ತಾರೆ. ಹೊಟ್ಟೆನೋವು, ಮಲಬದ್ಧತೆ, ಸುಸ್ತು, ಬಿಳಿಚಿಕೊಂಡ ಮುಖ ಇದ್ದರೆ ಅದನ್ನೂ ಬರೆಯಿರಿ. ಸೀಸ ಜಾಸ್ತಿ ಇದ್ದಾಗ ಇವು ಕಾಣಬಹುದು. ಏನೂ ಕಾಣದೆಯೂ ಇರಬಹುದು.

ಮನೆಯಲ್ಲಿ ದುಡಿಯುವವರ ಕೆಲಸವನ್ನೂ ಸೇರಿಸಿ. ಬ್ಯಾಟರಿ ಅಂಗಡಿ, ಗುಜರಿ, ಪೇಂಟಿಂಗ್, ವೆಲ್ಡಿಂಗ್, ಬೆಸುಗೆ ಕೆಲಸ ಇವುಗಳಲ್ಲಿ ಇರುವವರ ಬಟ್ಟೆ ಮತ್ತು ಕೂದಲಿನಲ್ಲಿ ಸೀಸದ ಧೂಳು ಮನೆಗೆ ಬರುತ್ತದೆ.

ಹಂತ 2. ಮನೆಯನ್ನು ಒಂದು ಸುತ್ತು ನೋಡಿ

ಈ ಹಂತಕ್ಕೆ ಒಂದು ಭಾನುವಾರ ಪೂರ್ತಿ ಕೊಡಿ. ಪರೀಕ್ಷೆಯ ಫಲಿತಾಂಶ ಏನೇ ಬರಲಿ, ಈ ಕೆಲಸ ದಂಡವಾಗುವುದಿಲ್ಲ.

ಬಣ್ಣದಿಂದ ಶುರು ಮಾಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ 2016ರಲ್ಲಿ ಬಂತು, 2017ರ ನವೆಂಬರ್‌ನಿಂದ ಜಾರಿಯಾಯಿತು. ಅದಕ್ಕಿಂತ ಹಳೆಯ ಎನಾಮಲ್ ಬಣ್ಣವನ್ನು, ಅದರಲ್ಲೂ ಹಳದಿ, ಕೆಂಪು, ಹಸಿರು ಬಣ್ಣವನ್ನು ಅನುಮಾನದಿಂದಲೇ ನೋಡಿ. ಅಗ್ರಹಾರ, ಮೊಹಲ್ಲಾಗಳ ಹಳೇ ಮನೆಗಳಲ್ಲಿ ಬಾಗಿಲು, ಕಿಟಕಿ, ಸರಳುಗಳ ಮೇಲೆ ಪದರದ ಮೇಲೆ ಪದರ ಬಣ್ಣ ಇರುತ್ತದಲ್ವಾ? ಕಿಟಕಿ ತೆಗೆದು ಹಾಕಿದಾಗಲೆಲ್ಲ ಅದು ಉದುರುತ್ತದೆ. ಹಳೇ ಕಬ್ಬಿಣದ ಮಂಚ, ತೊಟ್ಟಿಲು, ಗೇಟು ಕೂಡ ಹಾಗೆಯೇ.

ಇಲ್ಲಿ ಬಹಳ ಜನ ಮಾಡುವ ತಪ್ಪು ಒಂದಿದೆ. ಗಾಬರಿಯಾಗಿ ಉಪ್ಪುಕಾಗದ ತಂದು ಹಳೇ ಬಣ್ಣ ಉಜ್ಜಿಸಿಬಿಡುತ್ತಾರೆ. ಒಣ ಬಣ್ಣ ಉಜ್ಜಿದರೆ ಮನೆ ತುಂಬಾ ಸೀಸದ ಧೂಳು. ಬೆಂಕಿಯಲ್ಲಿ ಸುಟ್ಟು ಕೀಳಿಸಿದರೆ ಹೊಗೆಯಲ್ಲೂ ಸೀಸ. ಉದುರುವ ಕಡೆ ನೀರು ಚಿಮುಕಿಸಿ ಒದ್ದೆ ಮಾಡಿ ತೆಗೆಸಿ, ಮೇಲೆ ಹೊಸ ಬಣ್ಣ ಹೊಡೆಸಿ. ಆ ದಿನಗಳಲ್ಲಿ ಮಗು ಅಜ್ಜಿ ಮನೆಯಲ್ಲಿರಲಿ. ಬಸುರಿ ಹೆಂಗಸರೂ ಅಲ್ಲಿ ಇರಬಾರದು.

ಇನ್ನು ಅಡುಗೆಮನೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತೇವೆ. ಶುದ್ಧ ತವರದ ಕಲಾಯಿ ಆದರೆ ತೊಂದರೆ ಇಲ್ಲ. ತವರಕ್ಕೆ ಅಗ್ಗದ ಸೀಸ ಬೆರೆಸಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಕೆಲವು ಮನೆಗಳಲ್ಲಿ ಸಾರು ಕುದಿಸುವ ಈಯದ ಚೊಂಬು ಇರುತ್ತದೆ. ಈಯ ಅಂದರೂ ತವರವೇ, ಅಲ್ಲೂ ಅದೇ ಅನುಮಾನ. ಹುಣಸೆಹುಳಿ, ಟೊಮ್ಯಾಟೊ, ನಿಂಬೆ ಬಿದ್ದಾಗ ಲೋಹ ಜಾಸ್ತಿ ಬಿಡುತ್ತದೆ. ಗುಜರಿ ಲೋಹ ಕರಗಿಸಿ ಎರಕ ಹೊಯ್ದ ಅಗ್ಗದ ಅಲ್ಯೂಮಿನಿಯಂ ಪಾತ್ರೆಯಿಂದಲೂ ಸೀಸ ಬಿಡಬಹುದು. ಮಗುವಿನ ಸಾರು, ಹುಳಿ, ಗೊಜ್ಜು ಎಲ್ಲ ಸ್ಟೀಲ್ ಪಾತ್ರೆಯಲ್ಲೇ ಆಗಲಿ. ಅತ್ತೆಗೆ ಆ ಚೊಂಬಿನ ಮೇಲೆ ಪ್ರೀತಿ ಇದ್ದರೆ ದೇವರ ಮನೆಯಲ್ಲೋ ಷೋಕೇಸಿನಲ್ಲೋ ಇಡಿ. ಅವರ ಮನಸ್ಸನ್ನೂ ನೋಯಿಸಬೇಕಿಲ್ಲ.

ಅರಿಶಿನದ ವಿಷಯ ಸ್ವಲ್ಪ ಗಂಭೀರ. ಬಣ್ಣ ಹೊಳೆಯಲಿ ಅಂತ ಲೆಡ್ ಕ್ರೋಮೇಟ್ ಎಂಬ ಹಳದಿ ಪುಡಿ ಬೆರೆಸುವುದು ದಕ್ಷಿಣ ಏಷ್ಯಾದಲ್ಲಿ ಹಲವು ಕಡೆ ಸಿಕ್ಕಿಬಿದ್ದಿದೆ. ಅದು ಸೀಸವೇ. ಬಿಡಿ ಪುಡಿ ಕೊಳ್ಳಬೇಡಿ. ಕೊಂಬು ತಂದು ಮನೆಯಲ್ಲೇ ಪುಡಿ ಮಾಡಿಸುವುದಾದರೆ ಮೊದಲು ಒಂದು ಕೊಂಬನ್ನು ಗಾಜಿನ ಲೋಟದ ನೀರಿಗೆ ಹಾಕಿ ನೋಡಿ. ಬಣ್ಣ ಬಳಿದ ಕೊಂಬಾದರೆ ನೀರಿಗೆ ಬಿದ್ದ ಕೂಡಲೇ ಹಳದಿ ಬಿಡುತ್ತದೆ. ಇದು ಮನೆಮಟ್ಟದ ಪರೀಕ್ಷೆ ಅಷ್ಟೇ. ಖಚಿತವಾಗಬೇಕು ಅಂದರೆ ಪ್ರಯೋಗಾಲಯಕ್ಕೇ ಕೊಡಬೇಕು. ಆಹಾರ ಪರೀಕ್ಷಿಸುವ ವಿಭಾಗ ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐನಲ್ಲೇ ಇದೆ. ಶುಲ್ಕ ಮತ್ತು ಎಷ್ಟು ಮಾದರಿ ಬೇಕು ಎಂದು ಮೊದಲೇ ಕೇಳಿಕೊಂಡು ಹೋಗಿ.

ಆಮೇಲೆ ದೇವರ ಮನೆ, ಅಲಂಕಾರ. ಅರಿಶಿನಕ್ಕೆ ಸುಣ್ಣ ಸೇರಿಸಿ ಮಾಡಿದ ಕುಂಕುಮ ಬೇರೆ, ಆಂಜನೇಯನಿಗೆ ಬಳಿಯುವ ಕಿತ್ತಳೆ ಬಣ್ಣದ ಸಿಂಧೂರ ಬೇರೆ. ಆ ಸಿಂಧೂರ ಹಿಂದಿನಿಂದಲೂ ಸೀಸದ ಆಕ್ಸೈಡಿನಿಂದಲೇ ಆಗುತ್ತಿತ್ತು. ಅದು ಮಗುವಿನ ಕೈಗೆ ಸಿಗದಿರಲಿ. ಹರಳೆಣ್ಣೆ ದೀಪದ ಮಸಿಯಿಂದ ಮನೆಯಲ್ಲಿ ಮಾಡಿದ ಕಾಡಿಗೆಗೂ ಸುರ್ಮಾಗೂ ವ್ಯತ್ಯಾಸ ಇದೆ. ಸುರ್ಮಾ ಸೀಸದ ಅದಿರಿನ ಪುಡಿಯೇ ಆಗಿರಬಹುದು. ಮಗು ಕಣ್ಣುಜ್ಜಿ ಅದೇ ಬೆರಳನ್ನು ಬಾಯಿಗೆ ಇಡುತ್ತದೆ. ಕುತ್ತಿಗೆಯ ತಾಯತ, ಅಗ್ಗದ ಲೋಹದ ಸರ ಕಚ್ಚುವ ಅಭ್ಯಾಸ ಇದ್ದರೆ ತೆಗೆದಿಡಿ.

ಶ್ರೀರಂಗಪಟ್ಟಣ, ಕನ್ನಂಬಾಡಿ ಹಿನ್ನೀರಿನ ಕಡೆ ಮೀನು ಹಿಡಿಯುವ ಮನೆಗಳಲ್ಲಿ ಬಲೆಗೆ ಕಟ್ಟುವ ಗುಂಡುಗಳು ಸೀಸದವು. ಮಗು ಒಂದು ಗುಂಡು ನುಂಗಿದರೂ ಅದು ತುರ್ತು ಸಂಗತಿ, ನೇರ ಆಸ್ಪತ್ರೆಗೆ ಹೋಗಿ.

ಕೊನೆಗೆ ಔಷಧಿ ಡಬ್ಬ. ಮಾತು ಬರಲಿ ಅಂತ ನಾವು ಕೊಡದ ಪುಡಿ ಇಲ್ಲ, ಕಟ್ಟದ ಹರಕೆ ಇಲ್ಲ. ಆ ಆಸೆ ನನಗೆ ಗೊತ್ತು. ಆದರೆ ಭಸ್ಮ ಇರುವ ಔಷಧಿ ಕೊಡುವ ಮೊದಲು ಕೇಳಿ: ಇದರಲ್ಲಿ ಯಾವ ಲೋಹ ಇದೆ? ಪರೀಕ್ಷೆಯ ರಿಪೋರ್ಟ್ ಇದೆಯಾ? ನಾಗ ಭಸ್ಮ ಅಂದರೆ ಸೀಸ. ರಸ ಎಂದು ಶುರುವಾಗುವ ಹಲವು ಹೆಸರುಗಳಲ್ಲಿ ಪಾದರಸ ಇರುತ್ತದೆ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ ಕೊಂಡ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಲೇಬಲ್ ಇಲ್ಲದ ಪೊಟ್ಟಣದ ಪುಡಿಯನ್ನಂತೂ ಯಾರೇ ಕೊಟ್ಟರೂ ಮಗುವಿನ ಬಾಯಿಗೆ ಹಾಕಬೇಡಿ.

ಹಂತ 3. ಸರಿಯಾದ ಪರೀಕ್ಷೆ ಬರೆಸಿಕೊಳ್ಳಿ

ನೋಟ್‌ಬುಕ್ ಹಿಡಿದು ಮಕ್ಕಳ ವೈದ್ಯರ ಹತ್ತಿರ ಹೋಗಿ. ಮೈಸೂರಿನ ಚೆಲುವಾಂಬ ಆಸ್ಪತ್ರೆ ಆಗಬಹುದು, ಮಂಡ್ಯದ ಮಿಮ್ಸ್ ಆಗಬಹುದು, ನಿಮ್ಮ ಬೀದಿಯ ಡಾಕ್ಟರೇ ಆಗಬಹುದು. ಸುತ್ತಿ ಬಳಸಿ ಮಾತಾಡಬೇಡಿ. ಹೀಗೆ ಕೇಳಿ:

"ಡಾಕ್ಟ್ರೇ, ಇವನು ಗೋಡೆ ಬಣ್ಣ, ಮಣ್ಣು ತಿಂತಾನೆ. ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಬ್ಲಡ್ ಲೆಡ್ ಟೆಸ್ಟ್ ಬರೆದುಕೊಡ್ತೀರಾ? ಜೊತೆಗೆ ಸಿಬಿಸಿ, ಫೆರಿಟಿನ್ ಕೂಡ ನೋಡೋಣ್ವಾ?"

ಸಿಬಿಸಿ ಅಂದರೆ ರಕ್ತಕಣಗಳ ಎಣಿಕೆ, ಹಿಮೋಗ್ಲೋಬಿನ್ ಅದರಲ್ಲೇ ಬರುತ್ತದೆ. ಫೆರಿಟಿನ್ ಅಂದರೆ ದೇಹದ ಉಗ್ರಾಣದಲ್ಲಿ ಕಬ್ಬಿಣ ಎಷ್ಟಿದೆ ಎನ್ನುವ ಲೆಕ್ಕ. ಇದು ಯಾಕೆ ಬೇಕು ಗೊತ್ತಾ? ಕಬ್ಬಿಣ ಕಡಿಮೆ ಇದ್ದರೆ ಮಗು ಮಣ್ಣು ತಿನ್ನುವುದು ಜಾಸ್ತಿಯಾಗಬಹುದು. ಕಬ್ಬಿಣ ಕಡಿಮೆ ಇದ್ದ ಕರುಳು ಸೀಸವನ್ನೂ ಜಾಸ್ತಿ ಹೀರುತ್ತದೆ. ಎರಡೂ ಸೇರಿದರೆ ಮಗುವಿಗೆ ಇಮ್ಮಡಿ ಹೊಡೆತ. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳೇ ಏರಿ ಕಾಣುತ್ತದೆ. ಮಗು ಗೆಲುವಾಗಿರುವ ವಾರದಲ್ಲಿ ಮಾಡಿಸಿ.

ಸೀಸದ ಪರೀಕ್ಷೆ ಎಲ್ಲ ಲ್ಯಾಬಿನಲ್ಲೂ ಆಗುವುದಿಲ್ಲ. ಇಲ್ಲಿ ರಕ್ತ ತೆಗೆದು ದೊಡ್ಡ ಲ್ಯಾಬಿಗೆ ಕಳಿಸುತ್ತಾರೆ, ರಿಪೋರ್ಟ್ ಬರಲು ಕೆಲವು ದಿನ ಹಿಡಿಯುತ್ತದೆ. ಸೀಸದ ವಿಷಯಕ್ಕೇ ಮೀಸಲಾದ ರಾಷ್ಟ್ರೀಯ ಕೇಂದ್ರ ಶುರುವಾಗಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯಲ್ಲಿ. ಅಂದರೆ ಇದರ ತಿಳಿವಳಿಕೆ ನಮ್ಮ ರಾಜ್ಯಕ್ಕೆ ಹೊಸದೇನಲ್ಲ.

ಈಗ ಬೇಡ ಅನ್ನಬೇಕಾದ ಎರಡು ಪರೀಕ್ಷೆಗಳು.

ಒಂದು, ಕೂದಲಿನ ಪರೀಕ್ಷೆ. ಕೂದಲಿಗೆ ಧೂಳು, ನೀರು, ಶಾಂಪೂ, ಎಣ್ಣೆ ಎಲ್ಲದರಿಂದಲೂ ಲೋಹ ಅಂಟುತ್ತದೆ. ಒಂದೇ ತಲೆಯ ಕೂದಲನ್ನು ಎರಡು ಲ್ಯಾಬಿಗೆ ಕೊಟ್ಟರೆ ಎರಡು ಉತ್ತರ ಬರಬಹುದು. ಅದನ್ನು ನಂಬಿ ಚಿಕಿತ್ಸೆ ಶುರು ಮಾಡಬಾರದು.

ಎರಡು, ಔಷಧಿ ಕೊಟ್ಟು ಮಾಡುವ ಮೂತ್ರ ಪರೀಕ್ಷೆ. ಇದು ನನಗೂ ಆಗಿದೆ. ಒಂದು ಕ್ಲಿನಿಕ್‌ನಲ್ಲಿ ಮಗನಿಗೆ ಮಾತ್ರೆ ಕೊಟ್ಟು, ಆಮೇಲೆ ಮೂತ್ರ ಹಿಡಿಸಿ ಕಳಿಸಿದರು. ಬಂದ ರಿಪೋರ್ಟ್ ತುಂಬಾ ಕೆಂಪು ಗೀಟು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಆ ಮಾತ್ರೆಯೇ ಕೀಲೇಷನ್ ಔಷಧಿ ಎಂದು ಆಮೇಲೆ ತಿಳಿಯಿತು. ಅದನ್ನು ನುಂಗಿದ ಯಾರ ಮೂತ್ರದಲ್ಲಾದರೂ ಲೋಹ ಏರುತ್ತದೆ, ನಿಮ್ಮದರಲ್ಲೂ ನನ್ನದರಲ್ಲೂ. ಔಷಧಿ ನುಂಗದವರ ಮಾಮೂಲಿ ಮಟ್ಟಕ್ಕೆ ಅದನ್ನು ಹೋಲಿಸಿದರೆ ಎಲ್ಲ ಕೆಂಪಾಗಿಯೇ ಕಾಣುತ್ತದೆ. ವಿಷವೈದ್ಯ ತಜ್ಞರ ಸಂಘಟನೆಗಳು ಈ ಪರೀಕ್ಷೆ ಬೇಡವೆಂದು ಹೇಳಿ ಎಷ್ಟೋ ವರ್ಷ ಆಯಿತು. "ಟೆಸ್ಟಿಗೆ ಮುಂಚೆ ಇದನ್ನು ಕುಡಿಸಿ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಪಾದರಸ, ಆರ್ಸೆನಿಕ್ ಪರೀಕ್ಷೆ ಎಲ್ಲ ಮಕ್ಕಳಿಗೂ ಬೇಕಿಲ್ಲ. ಭಸ್ಮ ಕೊಟ್ಟಿದ್ದರೆ, ಥರ್ಮಾಮೀಟರ್ ಒಡೆದು ಪಾದರಸ ಚೆಲ್ಲಿದ್ದರೆ ವೈದ್ಯರಿಗೆ ಹೇಳಿ. ಬರೆದುಕೊಟ್ಟರೆ ಪರೀಕ್ಷೆಗೆ ಮೂರು ದಿನ ಮುಂಚಿನಿಂದ ಸಮುದ್ರದ ಮೀನು, ಸಿಗಡಿ ಕೊಡಬೇಡಿ. ಮೀನಿನಲ್ಲಿರುವ, ತೊಂದರೆ ಕೊಡದ ಬಗೆಯ ಆರ್ಸೆನಿಕ್ ಕೂಡ ಲೆಕ್ಕಕ್ಕೆ ಸೇರಿ ಸುಮ್ನೆ ಗಾಬರಿ ಹುಟ್ಟಿಸುತ್ತದೆ.

ಹಂತ 4. ರಕ್ತ ತೆಗೆಸುವ ದಿನ

ನಮ್ಮ ಮಕ್ಕಳಿಗೆ ಸೂಜಿ ಚುಚ್ಚುವುದಕ್ಕಿಂತ ಆ ಕೋಣೆಯೇ ಹೆಚ್ಚು ಹಿಂಸೆ. ಟ್ಯೂಬ್‌ಲೈಟ್, ಸ್ಪಿರಿಟ್ ವಾಸನೆ, ಅಪರಿಚಿತ ಕೈ. ಹಾಗಾಗಿ ತಯಾರಿ ಬೇಕು.

ಮೂರು ನಾಲ್ಕು ದಿನ ಮುಂಚೆಯೇ ಮನೆಯಲ್ಲಿ ಆಟವಾಡಿ. ತೋಳಿಗೆ ರಿಬ್ಬನ್ ಕಟ್ಟಿ, ಹತ್ತಿಯಿಂದ ಒರೆಸಿ, ಪೆನ್ನಿನ ತುದಿಯಿಂದ ಮೆಲ್ಲಗೆ ಒತ್ತಿ, ಹತ್ತರವರೆಗೆ ಎಣಿಸಿ, "ಮುಗೀತು" ಅನ್ನಿ. ಚಿತ್ರ ನೋಡಿ ಕಲಿಯುವ ಮಗುವಾದರೆ ನಾಲ್ಕು ಚಿತ್ರ ಬರೆದು ತೋರಿಸಿ. ಲ್ಯಾಬಿಗೆ ಬೆಳಿಗ್ಗೆ ಬೇಗ, ಜನ ಇಲ್ಲದ ಹೊತ್ತಿಗೆ ಹೋಗಿ. ಮರಗಟ್ಟಿಸುವ ಕ್ರೀಮ್ ಬರೆದುಕೊಡಿ ಎಂದು ವೈದ್ಯರನ್ನು ಕೇಳಬಹುದು. ಅದನ್ನು ಸುಮಾರು ಒಂದು ಗಂಟೆ ಮುಂಚೆ ಹಚ್ಚಬೇಕು. ಮಕ್ಕಳ ರಕ್ತ ತೆಗೆದು ಪಳಗಿದವರೇ ಬರಲಿ ಎಂದು ಮೊದಲೇ ಹೇಳಿ. ಎಲ್ಲ ಪರೀಕ್ಷೆಗೂ ಒಂದೇ ಚುಚ್ಚಿನಲ್ಲಿ ರಕ್ತ ತೆಗೆಯಲಿ.

ರಕ್ತನಾಳದಿಂದಲೇ ತೆಗೆಸಿ. ಬೆರಳು ಚುಚ್ಚಿ ತೆಗೆದರೆ ಚರ್ಮದ ಮೇಲಿನ ಧೂಳಿನ ಸೀಸ ಸೇರಿಕೊಂಡು ಸುಳ್ಳು ಅಂಕಿ ಬರಬಹುದು. ಬೆರಳಿನಿಂದಲೇ ತೆಗೆಯುವುದಾದರೆ ಸೋಪು ಹಾಕಿ ಕೈ ಚೆನ್ನಾಗಿ ತೊಳೆಸಿ. ಅಂಕಿ ಜಾಸ್ತಿ ಬಂದರೆ ರಕ್ತನಾಳದಿಂದ ಮತ್ತೊಮ್ಮೆ ಮಾಡಿಸದೆ ಏನನ್ನೂ ನಿರ್ಧರಿಸಬೇಡಿ.

ರಕ್ತ ಹಾಕುವ ಕೊಳವೆಯ ಮೇಲೆ ಇಡಿಟಿಎ ಎಂದು ಬರೆದಿರುತ್ತದೆ. ಕೀಲೇಷನ್‌ಗೆ ಕೊಡುವ ಒಂದು ಔಷಧಿಯ ಹೆಸರೂ ಅದೇ, ಹಾಗಾಗಿ ಅದರ ಬಗ್ಗೆ ಓದಿದವರು ಆ ಹೆಸರು ನೋಡಿ ಬೆಚ್ಚುತ್ತಾರೆ. ಕೊಳವೆಯಲ್ಲಿ ಅದು ರಕ್ತ ಹೆಪ್ಪುಗಟ್ಟದಿರಲಿ ಎಂದು ಹಾಕಿದ್ದು, ಮಗುವಿನ ಮೈಗೆ ಹೋಗುವುದಿಲ್ಲ.

ಹಂತ 5. ರಿಪೋರ್ಟ್ ಓದಿ

ಮೊದಲು ಅಂಕಿಯ ಪಕ್ಕದ ಅಳತೆ ನೋಡಿ. ಕೆಲವು ಲ್ಯಾಬು ಒಂದು ಡೆಸಿಲೀಟರ್‌ಗೆ, ಅಂದರೆ 100 ಮಿ.ಲೀ.ಗೆ ಎಷ್ಟು ಮೈಕ್ರೋಗ್ರಾಂ ಎಂದು ಬರೆಯುತ್ತವೆ. ಕೆಲವು ಲೀಟರ್‌ಗೆ ಎಷ್ಟು ಎಂದು ಬರೆಯುತ್ತವೆ. ಲೀಟರ್‌ಗೆ 35 ಅಂದರೂ ಡೆಸಿಲೀಟರ್‌ಗೆ 3.5 ಅಂದರೂ ಒಂದೇ. ಇದು ಗೊತ್ತಿಲ್ಲದೆ 35 ನೋಡಿ ಅತ್ತವರಿದ್ದಾರೆ. ಕೆಳಗಿನ ಅಂಕಿಗಳೆಲ್ಲ ಡೆಸಿಲೀಟರ್ ಲೆಕ್ಕ.

3.5ಕ್ಕಿಂತ ಕಡಿಮೆ: ಸದ್ಯಕ್ಕೆ ಸಮಾಧಾನ. ಬಾಯಿಗೆ ಹಾಕುವ ಚಟ ಇದ್ದರೆ ಆರು ತಿಂಗಳಿಂದ ಒಂದು ವರ್ಷದೊಳಗೆ ಮತ್ತೆ ನೋಡಿ.

3.5ರಿಂದ 19: ಮೂಲ ಹುಡುಕಿ ನಿಲ್ಲಿಸಬೇಕು. ಒಂದರಿಂದ ಮೂರು ತಿಂಗಳೊಳಗೆ ಮರುಪರೀಕ್ಷೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ತನ್ನ ಗಡಿಯನ್ನು 5ರಿಂದ 3.5ಕ್ಕೆ ಇಳಿಸಿತು. ವಿಶ್ವ ಆರೋಗ್ಯ ಸಂಸ್ಥೆ 5 ಮುಟ್ಟಿದರೆ ಮೂಲ ಹುಡುಕಿ ಎನ್ನುತ್ತದೆ.

20ರಿಂದ 44: ವೈದ್ಯರ ನಿಗಾ ಬೇಕೇ ಬೇಕು. ಎರಡು ವಾರದಿಂದ ಒಂದು ತಿಂಗಳೊಳಗೆ ಮತ್ತೆ ಪರೀಕ್ಷೆ. ಬಣ್ಣದ ಚೂರು ನುಂಗಿದ್ದರೆ ಹೊಟ್ಟೆಯ ಎಕ್ಸ್‌ರೇ ತೆಗೆಸಬಹುದು.

45 ಮತ್ತು ಮೇಲೆ: ಅದೇ ದಿನ ಆಸ್ಪತ್ರೆ. ಕೀಲೇಷನ್‌ಗೆ ನಿಜವಾದ ಜಾಗ ಇದು. 70 ದಾಟಿದರೆ, ಅಥವಾ ವಾಂತಿ, ಮಂಪರು, ಫಿಟ್ಸ್ ಇದ್ದರೆ ಜೀವಕ್ಕೇ ಅಪಾಯ. ಒಂದು ನಿಮಿಷವೂ ಕಾಯಬೇಡಿ.

ರಕ್ತದ ಸೀಸ ಇತ್ತೀಚಿನ ಕೆಲವು ವಾರಗಳ ಕಥೆಯನ್ನು ಹೆಚ್ಚು ಹೇಳುತ್ತದೆ. ಹಳೆಯದು ಮೂಳೆಯಲ್ಲಿ ಕೂತು ವರ್ಷಗಟ್ಟಲೆ ಇರುತ್ತದೆ. ಮೂಲ ನಿಲ್ಲಿಸಿದ ಮೇಲೂ ಅಂಕಿ ನಿಧಾನವಾಗಿ ಇಳಿಯುವುದು ಇದಕ್ಕೇ. ಧೈರ್ಯಗೆಡಬೇಡಿ.

ಹಂತ 6. ದಾರಿ ಮುಚ್ಚಿ, ಊಟ ಸರಿಮಾಡಿ

ಒಣ ಪೊರಕೆ ಬಿಡಿ, ಒದ್ದೆ ಬಟ್ಟೆಯಿಂದ ಒರೆಸಿ. ಕಿಟಕಿಯ ಕಟ್ಟೆ, ಬಾಗಿಲ ಮೂಲೆ ಮರೆಯಬೇಡಿ. ಊಟಕ್ಕೆ, ನಿದ್ದೆಗೆ ಮುಂಚೆ ಮಗುವಿನ ಕೈಯನ್ನು ಸೋಪಿನಲ್ಲಿ ತೊಳೆಸಿ. ಸ್ಯಾನಿಟೈಸರ್ ಸೀಸವನ್ನು ತೆಗೆಯುವುದಿಲ್ಲ. ಉಗುರು ಚಿಕ್ಕದಾಗಿರಲಿ. ಬ್ಯಾಟರಿ, ಪೇಂಟ್ ಕೆಲಸ ಮಾಡುವ ಅಪ್ಪ ಮನೆಗೆ ಬಂದವರೇ ಸ್ನಾನ ಮಾಡಿ ಆಮೇಲೆ ಮಗುವನ್ನು ಎತ್ತಿಕೊಳ್ಳಲಿ. ಅವರ ಬಟ್ಟೆ ಬೇರೆ ಬಕೆಟ್ಟಿನಲ್ಲಿ ನೆನೆಯಲಿ. ಕಚ್ಚಲೇಬೇಕು ಅನ್ನುವ ಮಗುವಿಗೆ ಸಿಲಿಕೋನ್ ಚ್ಯೂ ಕೊಡಿ. "ಬಾಯಿಗೆ ಹಾಕ್ಬೇಡ" ಎಂದು ನೂರು ಸಲ ಹೇಳುವುದಕ್ಕಿಂತ ಇದು ಕೆಲಸ ಮಾಡುತ್ತದೆ.

ಖಾಲಿ ಹೊಟ್ಟೆಯಲ್ಲಿ ಸೀಸ ಜಾಸ್ತಿ ಒಳಗೆ ಹೋಗುತ್ತದೆ. ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನಿಸಿ. ಕಬ್ಬಿಣ, ಕ್ಯಾಲ್ಸಿಯಂ ಇರುವ ಊಟ ಸೀಸವನ್ನು ತಡೆಯಲು ನೆರವಾಗುತ್ತದೆ. ಇದಕ್ಕೆ ಅಂಗಡಿ ಡಬ್ಬ ಬೇಕಿಲ್ಲ. ನಮ್ಮ ಮಂಡ್ಯದ ತಟ್ಟೆಯಲ್ಲೇ ಇದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಮುದ್ದೆ, ಸೊಪ್ಪಿನ ಬಸ್ಸಾರು, ಹುರುಳಿಕಾಳು, ನುಗ್ಗೆಸೊಪ್ಪು, ಮೊಟ್ಟೆ. ತಿನ್ನುವವರಾದರೆ ವಾರಕ್ಕೊಮ್ಮೆ ಸ್ವಲ್ಪ ಈಲಿ. ಮೇಲೆ ನಿಂಬೆಹುಳಿ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಊಟದ ಜೊತೆ ಕಾಫಿ, ಟೀ ಬೇಡ.

ಮುದ್ದೆ ಅಂಟು ಎಂದು ಉಗಿಯುವ ಮಗು ರಾಗಿ ರೊಟ್ಟಿಯ ಗರಿಗರಿ ಇಷ್ಟಪಡಬಹುದು. ಅಂಬಲಿಯನ್ನು ಸ್ಟ್ರಾ ಹಾಕಿ ಕುಡಿಯಬಹುದು. ಒಂದು ಹೊಸ ತಿನಿಸಿಗೆ ಹದಿನೈದು ಇಪ್ಪತ್ತು ಸಲವಾದರೂ ಅವಕಾಶ ಕೊಡಿ, ಬಲವಂತ ಮಾಡದೆ.

ಕಬ್ಬಿಣದ ಸಿರಪ್ ವೈದ್ಯರು ಹೇಳಿದಷ್ಟೇ. ಡಬ್ಬಿ ಮಗುವಿನ ಕೈಗೆ ಸಿಗದಂತೆ ಇಡಿ, ಜಾಸ್ತಿ ಕುಡಿದರೆ ಅದೂ ವಿಷ.

ಇನ್ನೊಂದು ಹಳ್ಳ ಇದೆ. ಆಟಿಸಂಗೆಂದು ಹಾಲು, ಮೊಸರು, ಗೋಧಿ ಎಲ್ಲ ಬಿಡಿಸುತ್ತಾರೆ. ಕ್ಯಾಲ್ಸಿಯಂ ಇಳಿದರೆ ಸೀಸ ಇನ್ನೂ ಸಲೀಸಾಗಿ ಒಳಗೆ ಹೋಗುತ್ತದೆ. ಬಿಡಿಸುವ ಮುಂಚೆ ವೈದ್ಯರನ್ನೋ ಡಯಟೀಷಿಯನ್ನರನ್ನೋ ಕೇಳಿ.

ಹಂತ 7. "ಮೆಟಲ್ ತೆಗೆಯುತ್ತೇವೆ" ಅನ್ನುವವರಿಗೆ ಏನು ಹೇಳಬೇಕು

ಕೀಲೇಷನ್ ಔಷಧಿಗೆ ಒಳ್ಳೆಯ ಲೋಹ, ಕೆಟ್ಟ ಲೋಹ ಎಂಬ ಭೇದ ಚೆನ್ನಾಗಿ ಗೊತ್ತಿಲ್ಲ. ಸತು, ತಾಮ್ರದಂಥ ಬೇಕಾದ ಲೋಹಗಳನ್ನೂ, ಕೆಲವು ಔಷಧಿ ಕ್ಯಾಲ್ಸಿಯಂ ಅನ್ನೂ ಎಳೆದುಕೊಂಡು ಹೋಗುತ್ತವೆ. 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ ಐದು ವರ್ಷದ ಹುಡುಗನಿಗೆ ಹೀಗೆ ಔಷಧಿ ಕೊಟ್ಟರು. ರಕ್ತದ ಕ್ಯಾಲ್ಸಿಯಂ ಕುಸಿದು, ಹೃದಯ ನಿಂತು ಮಗು ತೀರಿಕೊಂಡಿತು. 2007ರಲ್ಲಿ ಇಲಿಗಳ ಮೇಲಿನ ಪ್ರಯೋಗದಲ್ಲಿ, ಸೀಸ ಇಲ್ಲದ ಮರಿಗಳಿಗೆ ಇನ್ನೊಂದು ಕೀಲೇಷನ್ ಔಷಧಿ ಕೊಟ್ಟಾಗ ಅವುಗಳ ಕಲಿಕೆಗೆ ಬಹುಕಾಲದ ಪೆಟ್ಟು ಬಿತ್ತು. ಅಮೆರಿಕದ ಸರ್ಕಾರಿ ಸಂಸ್ಥೆ ಆಟಿಸಂ ಮಕ್ಕಳ ಮೇಲೆ ಮಾಡಬೇಕೆಂದಿದ್ದ ಕೀಲೇಷನ್ ಪ್ರಯೋಗವನ್ನು 2008ರಲ್ಲಿ ಕೈಬಿಟ್ಟಿತು. 2015ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದ ಕೊಕ್ರೇನ್ ವಿಮರ್ಶೆಗೆ, ಇದರಿಂದ ಆಟಿಸಂ ಮಕ್ಕಳಿಗೆ ಉಪಯೋಗ ಆಗುತ್ತದೆ ಎನ್ನಲು ಪುರಾವೆ ಸಿಗಲಿಲ್ಲ.

ನಿಜವಾಗಿ ಸೀಸ 45 ದಾಟಿದ್ದರೂ ಮೂಲ ನಿಲ್ಲಿಸದೆ ಔಷಧಿ ಕೊಟ್ಟರೆ ದಂಡ. ಮಗು ಮತ್ತೆ ಅದೇ ಗೋಡೆ ನೆಕ್ಕುತ್ತದೆ.

ಕಾಲು ಮುಳುಗಿಸುವ ನೀರು, ಕುಡಿಯುವ ಜೇಡಿಮಣ್ಣು, ಡಿಟಾಕ್ಸ್ ಹನಿ ಇವೂ ಬೇಡ. ಲಸಿಕೆಯ ಪಾದರಸ ಎಂದು ಹೆದರಿಸುತ್ತಾರೆ. ದಡಾರ ಲಸಿಕೆಯಲ್ಲಿ ಪಾದರಸ ಯಾವತ್ತೂ ಇರಲಿಲ್ಲ. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಲಸಿಕೆಗೂ ಆಟಿಸಂಗೂ ನಂಟು ಕಾಣಲಿಲ್ಲ. ತಮ್ಮ ತಂಗಿಯರ ಲಸಿಕೆ ತಪ್ಪಿಸಬೇಡಿ.

ಹಂತ 8. ಕೈಯಲ್ಲಿ ಆಂಟಿಬಾಡಿ ರಿಪೋರ್ಟ್ ಇದ್ದರೆ

ಆಟಿಸಂ ಇರುವ ಕೆಲವು ಮಕ್ಕಳ ರಕ್ತದಲ್ಲಿ ಮಿದುಳಿನ ಪ್ರೋಟೀನುಗಳ ವಿರುದ್ಧ ಆಟೋಆಂಟಿಬಾಡಿ ಸಿಕ್ಕಿರುವುದು ನಿಜ. ಪಾದರಸ ಕೊಟ್ಟಾಗ ಕೆಲವು ತಳಿಯ ಇಲಿಗಳಲ್ಲಿ ಆಟೋಇಮ್ಯೂನ್ ಕಾಯಿಲೆ ಬರುವುದೂ ನಿಜ. ಇವೆರಡನ್ನು ಹೊಲಿದು "ನಿಮ್ಮ ಮಗುವಿಗೆ ಲೋಹ, ಅದರಿಂದ ಆಂಟಿಬಾಡಿ, ಅದರಿಂದ ಆಟಿಸಂ" ಎಂದು ಕಥೆ ಕಟ್ಟಿದಾಗ ತಪ್ಪು ಶುರುವಾಗುತ್ತದೆ. ಮಕ್ಕಳ ಮೇಲಿನ ಅಧ್ಯಯನಗಳು ಸಣ್ಣವು. ಏನೂ ಕಾಯಿಲೆ ಇಲ್ಲದ ಮಕ್ಕಳಲ್ಲೂ ಎಎನ್‌ಎಯಂಥ ಆಂಟಿಬಾಡಿ ಪರೀಕ್ಷೆ ಪಾಸಿಟಿವ್ ಬರುತ್ತದೆ. ಒಂದು ಪಾಸಿಟಿವ್ ನೋಡಿ ಸ್ಟಿರಾಯ್ಡ್, ಇಮ್ಯುನೋಗ್ಲಾಬ್ಯುಲಿನ್ ಹಾಕಿಸುವುದು ಅಪಾಯ, ಖರ್ಚೂ ವಿಪರೀತ.

ಆದರೆ ಒಂದು ಸಂದರ್ಭದಲ್ಲಿ ತಡಮಾಡಬಾರದು. ಚೆನ್ನಾಗಿದ್ದ ಮಗು, ಅಥವಾ ಆಟಿಸಂ ಇದ್ದೂ ಒಂದು ಹದಕ್ಕೆ ಬಂದಿದ್ದ ಮಗು, ಕೆಲವೇ ದಿನ ಅಥವಾ ವಾರಗಳಲ್ಲಿ ಮಾತು ಕಳೆದುಕೊಂಡರೆ, ಫಿಟ್ಸ್ ಬಂದರೆ, ಬಾಯಿ ಕೈ ತಾನಾಗೇ ವಿಚಿತ್ರವಾಗಿ ಆಡತೊಡಗಿದರೆ, ನಿದ್ದೆ ಪೂರ್ತಿ ಕೆಟ್ಟರೆ, ಅದು ಮಿದುಳಿನ ಆಟೋಇಮ್ಯೂನ್ ಉರಿಯೂತ ಆಗಿರಬಹುದು. ಅದಕ್ಕೆ ಚಿಕಿತ್ಸೆ ಇದೆ, ಬೇಗ ಶುರುವಾದಷ್ಟೂ ಒಳ್ಳೆಯದು. ಮಕ್ಕಳ ನರರೋಗ ತಜ್ಞರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳಿಸಿದರೆ ಹೊರಟುಬಿಡಿ. ಮಗುವಿನ ಹಳೇ ವಿಡಿಯೋ, ಈಗಿನ ವಿಡಿಯೋ ಎರಡೂ ಫೋನಿನಲ್ಲಿರಲಿ. ವೈದ್ಯರಿಗೆ ಅದು ಬಹಳ ಸಹಾಯ.

ಹಂತ 9. ಮರುಪರೀಕ್ಷೆಯ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಅದೇ ಲ್ಯಾಬು, ಅದೇ ಬಗೆಯ ಪರೀಕ್ಷೆ ಇರಲಿ, ಹೋಲಿಸಲು ಸುಲಭ. ಏನು ಬದಲಾಯಿಸಿದಿರಿ, ಯಾವ ತಾರೀಕಿಗೆ ಎಂದು ಅದೇ ನೋಟ್‌ಬುಕ್‌ನಲ್ಲಿ ಬರೆಯಿರಿ. ಅಂಕಿ ಇಳಿಯದಿದ್ದರೆ ಒಂದು ಮೂಲ ಇನ್ನೂ ಉಳಿದಿದೆ ಎಂದರ್ಥ. ಶಾಲೆ, ಅಂಗನವಾಡಿ, ಅಜ್ಜಿ ಮನೆಯನ್ನೂ ನೋಡಿ.

ಇದರ ಮಧ್ಯೆ ಥೆರಪಿ ನಿಲ್ಲಿಸಬೇಡಿ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಮಾತಿನ ತರಬೇತಿ ನಡೆಯುತ್ತಿದ್ದರೆ ಅದೇ ಮಗುವಿಗೆ ನಿಜವಾಗಿ ಆಗುತ್ತಿರುವ ಉಪಕಾರ. ಸೀಸ ಇಳಿದರೆ ರಕ್ತಹೀನತೆ, ಹೊಟ್ಟೆನೋವು, ಕಿರಿಕಿರಿ ಕಡಿಮೆಯಾಗಬಹುದು. ಆಟಿಸಂ ಹೋಗುವುದಿಲ್ಲ. ಅದನ್ನು ಮೊದಲೇ ಮನಸ್ಸಿಗೆ ಹೇಳಿಕೊಂಡರೆ ರಿಪೋರ್ಟ್ ಬಂದ ದಿನ ಎದೆ ಒಡೆಯುವುದಿಲ್ಲ.

ಒಂದು ಮಗುವಿಗೆ ಸೀಸ ಸಿಕ್ಕಿದರೆ ಅದೇ ಮನೆಯ ಉಳಿದ ಚಿಕ್ಕ ಮಕ್ಕಳಿಗೂ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಬಸುರಿ ಇದ್ದರೆ ಅವರಿಗೂ. ತಾಯಿಯ ರಕ್ತದ ಸೀಸ ಹೊಟ್ಟೆಯ ಕೂಸಿಗೂ ದಾಟುತ್ತದೆ.